ಜೆನ್ನಿಯ ಕೊರಳಿನ ರಿಬ್ಬನ್

ಮಕ್ಕಳಿಗಾಗಿ ಬರೆದ ದೆವ್ವದ ಕಥೆಗಳನ್ನು ಓದುವ ಚಟ ನನಗೆ ಈ ವಯಸ್ಸಿನಲ್ಲೂ ಬಿಟ್ಟಿಲ್ಲ. ಮೊನ್ನೆ ಅಂಥದೊಂದು ಪುಸ್ತಕವನ್ನು ಮುಗಿಸಿ ಸಿಟ್ಟಿನಿಂದ ಬದಿಗೆ ಎಸೆದೆ. ಪಾಳುಮನೆ, ಮಹಡಿಯ ಮೇಲೆ ಹೆಜ್ಜೆಯ ಸದ್ದು, ತಾನಾಗಿ ತೆರೆದುಕೊಳ್ಳುವ ಕಿಟಕಿ ಎಂದು ಪುಟಗಟ್ಟಲೆ ಹೆದರಿಸಿಕೊಂಡು ಬಂದ ಲೇಖಕ ಮಹಾಶಯ, ಕಡೆಯಲ್ಲಿ ಅದೆಲ್ಲ ಒಂದು ಬೆಕ್ಕಿನ ಕೆಲಸವೆಂದು ಹೇಳಿ ಕೈತೊಳೆದುಕೊಂಡಿದ್ದ. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು ಎನ್ನೋಣವೆಂದರೆ ಸಿಕ್ಕಿದ್ದು ಇಲಿಯೂ ಅಲ್ಲ. ಸಾಲದ್ದಕ್ಕೆ, ಭಯವೇ ನಿಜವಾದ ದೆವ್ವ ಎಂಬ ಉಪದೇಶ ಬೇರೆ. ದೆವ್ವವನ್ನು ತೋರಿಸುತ್ತೇನೆಂದು ಮಕ್ಕಳನ್ನು ಕೂರಿಸಿಕೊಂಡು ನೀತಿಪಾಠ ಕುಡಿಸುವವರನ್ನು ನಾನು ಸುಲಭವಾಗಿ ಕ್ಷಮಿಸಲಾರೆ.

ಮಕ್ಕಳು ಹೆದರಿಕೆಯನ್ನು ಹುಡುಕಿಕೊಂಡು ಹೋಗುವುದೇಕೆ ಎಂಬುದರ ಬಗ್ಗೆ ನನ್ನದೇ ಒಂದು ಸಿದ್ಧಾಂತವಿದೆ. ಅದನ್ನು ಹೇಳಲೆಂದೇ ಬರೆಯಲು ಕೂತೆ. ಆದರೆ ಅದಕ್ಕೆ ಮೊದಲು ಜೆನ್ನಿಯ ವಿಷಯ ಆಗಬೇಕು.

ಅಮೆರಿಕದ ಆಲ್ವಿನ್ ಶ್ವಾರ್ಟ್ಜ್ 1984ರಲ್ಲಿ, ಆಗಷ್ಟೇ ಓದಲು ಕಲಿಯುತ್ತಿರುವ ಮಕ್ಕಳಿಗೆಂದು ಪುಟ್ಟ ಪುಟ್ಟ ವಾಕ್ಯಗಳಲ್ಲಿ ದೆವ್ವದ ಕಥೆಗಳ ಪುಸ್ತಕವೊಂದನ್ನು ಪ್ರಕಟಿಸಿದ. ಅದರಲ್ಲಿ ಜೆನ್ನಿ ಎಂಬ ಹುಡುಗಿ ಸದಾ ಕೊರಳಿಗೆ ಹಸಿರು ರಿಬ್ಬನ್ ಕಟ್ಟಿಕೊಂಡಿರುತ್ತಾಳೆ. ಜೊತೆಯಲ್ಲಿ ಓದುವ ಆಲ್ಫ್ರೆಡ್ ಅದೇಕೆಂದು ಕೇಳಿದರೆ ಹೇಳುವುದಿಲ್ಲ. ಇಬ್ಬರೂ ಬೆಳೆದು ಮದುವೆಯಾಗುತ್ತಾರೆ, ಆಗಲೂ ಹೇಳುವುದಿಲ್ಲ; ಕಾಲ ಬಂದಾಗ ಹೇಳುತ್ತೇನೆ ಎನ್ನುತ್ತಾಳೆ. ಮುದುಕಿಯಾಗಿ ಕಾಯಿಲೆ ಬಿದ್ದು, ಇನ್ನು ಉಳಿಯುವುದಿಲ್ಲವೆಂದಾದಾಗ ಗಂಡನನ್ನು ಹತ್ತಿರ ಕರೆದು ಬಿಚ್ಚಲು ಹೇಳುತ್ತಾಳೆ. ಅವನು ಬಿಚ್ಚುತ್ತಾನೆ, ಅವಳ ತಲೆ ಕಳಚಿ ಬೀಳುತ್ತದೆ. ಕಥೆ ಮುಗಿಯಿತು. ಬೆಕ್ಕೂ ಇಲ್ಲ, ಉಪದೇಶವೂ ಇಲ್ಲ.

ಓದಿದ ಮಗು ಒಂದು ಸಲ ಕಿರುಚಿ ಮಲಗಿಬಿಡುತ್ತದೆ; ನಿದ್ದೆಗೆಡುವುದು ನನ್ನಂಥವರು. ಜೆನ್ನಿ ಸೀನು ಬಂದಾಗ ಏನು ಮಾಡುತ್ತಿದ್ದಳು? ರಿಬ್ಬನ್ ಮಾಸಿದಾಗ ಬೇರೆಯದನ್ನು ಕಟ್ಟಿಕೊಳ್ಳುವುದು ಹೇಗೆ, ಆ ನಡುವಿನ ಅರೆಗಳಿಗೆಯಲ್ಲಿ ತಲೆಯನ್ನು ಹಿಡಿದುಕೊಳ್ಳುವವರು ಯಾರು? ಮೊದಲ ಗಂಟು ಹಾಕಿದವರಾದರೂ ಯಾರು, ಅವಳ ತಾಯಿಯೇ? ಕಥೆ ಒಂದಕ್ಕೂ ಬಾಯಿ ಬಿಡುವುದಿಲ್ಲ.

ಇದು ಶ್ವಾರ್ಟ್ಜ್‌ನ ತಲೆಯಲ್ಲಿ ಹುಟ್ಟಿದ್ದೇನೂ ಅಲ್ಲ. ವಾಷಿಂಗ್ಟನ್ ಅರ್ವಿಂಗ್ 1824ರಲ್ಲೇ ಇದರ ದೊಡ್ಡವರ ರೂಪವನ್ನು ಬರೆದಿದ್ದ. ಅಲ್ಲಿ ಫ್ರೆಂಚ್ ಕ್ರಾಂತಿಯ ಕಾಲದ ಪ್ಯಾರಿಸ್, ಬಿರುಗಾಳಿಯ ರಾತ್ರಿ, ತಲೆ ಕಡಿಯುವ ಯಂತ್ರವಾದ ಗಿಲೊಟಿನ್‌ನ ಬುಡದಲ್ಲಿ ಕುಳಿತ ಒಬ್ಬ ಹೆಂಗಸು, ಅವಳ ಕೊರಳಲ್ಲಿ ಕಪ್ಪು ಪಟ್ಟಿ. ಜರ್ಮನ್ ವಿದ್ಯಾರ್ಥಿಯೊಬ್ಬ ಅವಳನ್ನು ತನ್ನ ಕೋಣೆಗೆ ಕರೆದೊಯ್ಯುತ್ತಾನೆ. ಬೆಳಗ್ಗೆ ಅವಳು ಹೆಣವಾಗಿರುತ್ತಾಳೆ. ಹಿಂದಿನ ದಿನವೇ ಅವಳ ತಲೆ ಕಡಿಯಲಾಗಿತ್ತೆಂದು ಪೊಲೀಸ್ ಅಧಿಕಾರಿ ಬಂದು ತಿಳಿಸುತ್ತಾನೆ. ದೊಡ್ಡವರಿಗೆ ಹೀಗೆ ಕಾರಣ ಬೇಕು, ಅದನ್ನು ದೃಢಪಡಿಸಲು ಅಧಿಕಾರಿಯೂ ಬೇಕು. ಮಕ್ಕಳ ಪಾಲಿಗೆ ಬಂದದ್ದು ರಿಬ್ಬನ್ ಮತ್ತು ತಲೆ ಮಾತ್ರ, ಹೆಚ್ಚು ಭಯಂಕರವಾದುದೂ ಅದೇ.

ಇದೇ ಶ್ವಾರ್ಟ್ಜ್ ಇನ್ನೂ ಸ್ವಲ್ಪ ದೊಡ್ಡ ಮಕ್ಕಳಿಗೆಂದು 1981ರಿಂದ ಹೊರತಂದ ಕಥಾಮಾಲೆಗೆ ಸ್ಟೀಫನ್ ಗ್ಯಾಮೆಲ್ ಬರೆದ ಚಿತ್ರಗಳಿದ್ದವು. ಕೊಳೆತು ಸೋರುತ್ತಿರುವಂಥ ಆ ಮುಖಗಳನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. 1990ರ ದಶಕದಲ್ಲಿ ಅಮೆರಿಕದ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಇವುಗಳದೇ. 2011ರ ಆವೃತ್ತಿಯಲ್ಲಿ ಆ ಚಿತ್ರಗಳನ್ನು ತೆಗೆದು ಸೌಮ್ಯವಾದ ಬೇರೆ ಚಿತ್ರಗಳನ್ನು ಹಾಕಿದರು. ಮೆಣಸು ತೆಗೆದು ಸಾರು ಬಡಿಸಿದರೆ ಯಾರು ಉಣ್ಣುತ್ತಾರೆ? ಹಳೆಯ ಓದುಗರು ರೇಗಿದರು. ಕೆಲವು ವರ್ಷಗಳಲ್ಲಿ ಗ್ಯಾಮೆಲ್‌ನ ಚಿತ್ರಗಳೇ ಮರಳಿ ಬಂದವು. ಮಕ್ಕಳ ಪರವಾಗಿ ಹೆದರಿಕೊಳ್ಳುವ ಗುತ್ತಿಗೆಯನ್ನು ಈ ದೊಡ್ಡವರಿಗೆ ಕೊಟ್ಟವರು ಯಾರೋ ಕಾಣೆ.

ಇರಲಿ, ಸಿದ್ಧಾಂತಕ್ಕೆ ಬರಬೇಕಿತ್ತು. ಆದರೆ ಆಲ್ಫ್ರೆಡ್‌ನ ಪ್ರಶ್ನೆ ತೀರ್ಮಾನವಾಗದೆ ನನಗೆ ಮುಂದೆ ಹೋಗಲಾಗುತ್ತಿಲ್ಲ. ಬಾಳಿನುದ್ದಕ್ಕೂ ಒಂದೇ ಮನೆಯಲ್ಲಿದ್ದು, ಹೆಂಡತಿ ಗಾಢ ನಿದ್ದೆಯಲ್ಲಿರುವಾಗ ಒಮ್ಮೆಯಾದರೂ ಆ ಗಂಟಿಗೆ ಕೈಹಾಕದ ಗಂಡನೊಬ್ಬನಿದ್ದನೆಂದು ನಂಬುವುದು, ತಲೆ ಕಳಚಿ ಬಿತ್ತೆಂದು ನಂಬುವುದಕ್ಕಿಂತ ಕಷ್ಟ. ನನ್ನ ಅನುಮಾನವೆಂದರೆ, ಅವನು ಯಾವಾಗಲೋ ಬಿಚ್ಚಿ ನೋಡಿ, ಹಾಗೆಯೇ ತಿರುಗಿ ಕಟ್ಟಿ, ಏನೂ ಅರಿಯದವನಂತೆ ಇದ್ದುಬಿಟ್ಟಿದ್ದ. ಕಡೆಗೆ ಅವನು ನಿಧಾನವಾಗಿ, ಜೋಪಾನವಾಗಿ ರಿಬ್ಬನ್ ಬಿಚ್ಚಿದನೆಂದು ಕಥೆಯೇ ಹೇಳುತ್ತದೆ. ಒಳಗೇನಿದೆಯೆಂದು ತಿಳಿಯದವನಿಗೆ ಅಷ್ಟೊಂದು ಜೋಪಾನ ಏಕೆ ಬೇಕಿತ್ತು?