ಒಂಬತ್ತನೇ ತರಗತಿಯ ಹಾಜರಿ ನೋಡಿ

ಅಮೆರಿಕದ ಶಿಕಾಗೋ ಶಾಲೆಗಳು ಒಂಬತ್ತನೇ ತರಗತಿಯ ಮಕ್ಕಳ ಹಾಜರಿ, ಅಂಕಗಳ ಮೇಲೆ ಕಣ್ಣಿಟ್ಟು, ಶಾಲೆ ಬಿಡಬಹುದಾದವರನ್ನು ಮೊದಲೇ ಗುರುತಿಸುವ ಬಗ್ಗೆ ಬರೆದದ್ದು ಓದಿ ಖುಷಿಯಾಯಿತು. ಒಂಬತ್ತನೇ ತರಗತಿಯಲ್ಲಿ ಹಳಿ ತಪ್ಪದ, ಎಂದರೆ ಮುಖ್ಯ ವಿಷಯಗಳಲ್ಲಿ ಹಿಂದೆ ಬೀಳದೆ ಮುಂದಿನ ತರಗತಿಗೆ ಬೇಕಾದಷ್ಟು ಪಾಸಾದ ಮಗು ನಾಲ್ಕು ವರ್ಷದಲ್ಲಿ ಹೈಸ್ಕೂಲು ಮುಗಿಸುವ ಸಾಧ್ಯತೆ, ಹಳಿ ತಪ್ಪಿದ ಮಗುವಿಗಿಂತ ಮೂರೂವರೆ ಪಟ್ಟು ಹೆಚ್ಚು ಎಂದು ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲೇ ತೋರಿಸಿದ್ದರು.

ನಮ್ಮಲ್ಲೂ ಶಾಲಾ ಮಕ್ಕಳ ವಿವರ ದಾಖಲಿಸುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಪ್ರತಿ ಮಗುವಿಗೂ ನಂಬರಿದೆ. ನಾನು ಗಣಿತ ಕಲಿಸಿದ ಶಾಲೆಯಲ್ಲಿ ಅದನ್ನು ತೆರೆಯುತ್ತಿದ್ದದ್ದು ಟಿ.ಸಿ. ಕೊಡುವಾಗ, ಮಾಹಿತಿ ತುಂಬುವಾಗ, ಅಷ್ಟೇ. ಒಮ್ಮೆ ಹಾಜರಿ ಪುಸ್ತಕ ತಿರುವುವಾಗ ಒಬ್ಬಳ ಹೆಸರಿನ ಮುಂದೆ ಬುಧವಾರ ಬುಧವಾರ ಕೆಂಪು ಗುರುತು. ಅವತ್ತು ಊರ ಸಂತೆ. ಅಮ್ಮ ಸೊಪ್ಪು ಮಾರಲು ಹೋದರೆ ಪುಟ್ಟ ತಮ್ಮನನ್ನು ಇವಳೇ ನೋಡಿಕೊಳ್ಳಬೇಕು. ಮನೆಗೆ ಹೋಗಿ ಮಾತಾಡಿದೆವು, ತಮ್ಮ ಅಂಗನವಾಡಿ ಸೇರಿದ, ಅವಳು ಎಸ್ಸೆಸ್ಸೆಲ್ಸಿ ಪಾಸಾದಳು. ಮೂರು ತಿಂಗಳು ಆ ಕೆಂಪು ಗುರುತು ನಮ್ಮ ಕಣ್ಣೆದುರೇ ಇತ್ತು, ನಾವು ನೋಡಿರಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಎಸ್ಸೆಸ್ಸೆಲ್ಸಿಯನ್ನು ಅದೇ ವರ್ಷ ಮತ್ತೆ ಬರೆಯುವ ಅವಕಾಶ ಒಳ್ಳೆಯದೇ. ಆದರೆ ಶಾಲೆ ಬಿಡುವ ಎಷ್ಟೋ ಮಕ್ಕಳು ಅಲ್ಲಿವರೆಗೆ ಬರುವುದೇ ಇಲ್ಲವಲ್ಲ! ತಿಂಗಳಿಗೊಮ್ಮೆ ಎಂಟು, ಒಂಬತ್ತನೇ ತರಗತಿಯ ಹಾಜರಿ ಇಟ್ಟುಕೊಂಡು ಶಿಕ್ಷಕರೆಲ್ಲ ಅರ್ಧ ಗಂಟೆ ಕೂರಲಿ. ಸಂಜೆ ಯಾರ ಮನೆ ಬಾಗಿಲು ತಟ್ಟಬೇಕೆಂದು ಅಲ್ಲೇ ಗೊತ್ತಾಗುತ್ತದೆ.