ಬೆಳಕಿಗೂ ಒಂದು ಚಕ್ಕುಬಂದಿ ಬೇಡವೇ?

ಇಂದು ಬೆಳಿಗ್ಗೆ ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದು ಮುಗಿಸುತ್ತೇನೆ. ಇಳಿದ ಮೇಲೆ ಬರೆದರೆ ಸಭ್ಯನಾಗಿಬಿಡುತ್ತೇನೆ.

ಮೊನ್ನೆ ಶುಕ್ರವಾರ ರಾತ್ರಿ ಆಕಾಶದಲ್ಲಿ ಮೂರು ಬೆಳಕು ಕಂಡೆ. ಅವು ಏನೆಂದು ನನಗೆ ಗೊತ್ತಿಲ್ಲ. ವಿಷಯ ಇಷ್ಟೇ. ಆದರೆ ಮೊದಲ ಮಾತು ಕೇಳಿ ಕಿವಿ ನೆಟ್ಟಗಾದ ಯಾರಿಗೂ ಎರಡನೆಯ ಮಾತು ಕೇಳುವ ಸೈರಣೆ ಇಲ್ಲ.

ಮೇ ತಿಂಗಳ ಕಲಬುರಗಿಯಲ್ಲಿ ಮನೆಯೊಳಗೆ ಮಲಗುವವರು ಒಂದೋ ಏಸಿ ಇದ್ದವರು, ಇಲ್ಲವೇ ಪೂರ್ವಜನ್ಮದಲ್ಲಿ ಪಾಪ ಮಾಡಿದವರು. ನಾನು ಸಂಜೆ ಮಾಳಿಗೆಯ ಪರ್ಸಿಯ ಮೇಲೆ ನಾಲ್ಕು ಕೊಡ ನೀರು ಸುರಿದು, ಅದು ಬಿಸಿಯುಸಿರು ಬಿಟ್ಟು ತಣ್ಣಗಾಗುವವರೆಗೆ ಕಾದು, ಹೊರಸು ಹಾಕಿಕೊಳ್ಳುವವನು. ಆ ರಾತ್ರಿ ಕರೆಂಟೂ ಹೋಗಿತ್ತು. ಓಣಿ ಪೂರ್ತಿ ಕತ್ತಲು. ನಿದ್ದೆ ಬಾರದೆ ಮಗ್ಗುಲು ಬದಲಿಸಿದಾಗ, ಪೂರ್ವಕ್ಕೆ, ಪಕ್ಕದ ಮನೆಯ ಕಪ್ಪು ನೀರಿನ ಟ್ಯಾಂಕಿನ ಮೇಲೆ ಮೂರು ಬೆಳಕು. ಗಡಿಯಾರ ನೋಡಿದೆ: 12 ಗಂಟೆ 40 ನಿಮಿಷ.

ನೀವು ನನ್ನನ್ನು ಬಲ್ಲಿರಿ. ಮೂವತ್ತೊಂದು ವರ್ಷ ಸರ್ವೇಯರನಾಗಿ ಹೊಲದಿಂದ ಹೊಲಕ್ಕೆ ಸರಪಳಿ ಎಳೆದವನು. ಅಣ್ಣತಮ್ಮಂದಿರು ಕೊಡಲಿ ಹಿಡಿದು ನಿಂತಿರುವಾಗ ನಡುವೆ ಕುಳಿತು ಬಾಂದುಕಲ್ಲು ಹುಡುಕಿ ಕೊಟ್ಟವನು. ನಿವೃತ್ತಿಯಾದರೂ ಕೈ ಸುಮ್ಮನಿರುವುದಿಲ್ಲ. ತೋಳು ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಹೆಚ್ಚುಕಡಿಮೆ ಹತ್ತು ಡಿಗ್ರಿ. ಹಾಗೆ ಅಳೆದು, ದಿಂಬಿನ ಕೆಳಗಿದ್ದ ಲೈಟ್ ಬಿಲ್ಲಿನ ಹಿಂಬದಿಗೆ ಪಂಚನಾಮೆ ಬರೆದೆ. ಯಥಾವತ್ತು ಇಲ್ಲಿ ಕೊಡುತ್ತೇನೆ:

“ಬೆಳಕು ಮೂರು. ಬಣ್ಣ ಕೆಂಡದ್ದು. ಮಿನುಗುವುದಿಲ್ಲ. ಸದ್ದಿಲ್ಲ. ಶ್ರವಣ ನಕ್ಷತ್ರದ ಕೆಳಗೆ, ದಿಗಂತದಿಂದ ಎರಡು ಮುಷ್ಟಿ ಮೇಲೆ. ಬಲದಿಂದ ಎಡಕ್ಕೆ, ಅಂದರೆ ಈಶಾನ್ಯದ ಕಡೆಗೆ, ನಿಧಾನ. ನಡುವಿನದು ಮೊದಲು ಆರಿತು, ಉಳಿದೆರಡು ಒಟ್ಟಿಗೆ. ನಾಲ್ಕು ನಿಮಿಷ.”

ಮೊಬೈಲಿನಲ್ಲಿ ಚಿತ್ರವನ್ನೂ ತೆಗೆದೆ. ಕರಿಕಂಬಳಿಯ ಮೇಲೆ ಬಿದ್ದ ಒಂದು ತೊಗರಿಬೇಳೆ ಕಾಣುತ್ತದೆ. ಅದನ್ನು ಕೇಳಬೇಡಿ.

ಬೆಳಗಾಗುತ್ತಲೇ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಎರಡು ಸಾಲು ಹಾಕಿದೆ. ಬೆಂಗಳೂರಿನಲ್ಲಿರುವ ಅಕ್ಕನ ಮಗ ಅರ್ಧ ನಿಮಿಷದಲ್ಲಿ ತೀರ್ಪು ಕೊಟ್ಟ: “ಸ್ಟಾರ್‌ಲಿಂಕ್, ಮಾಮಾ.” ಜೊತೆಗೆ ನಗುವ ಮುಖ. ಆರು ನೂರು ಕಿಲೋಮೀಟರ್ ಆಚೆ, ಹಾಸಿಗೆಯಿಂದ ಏಳದೆ, ನನ್ನ ಆಕಾಶದ ಖಾತೆ ಬದಲಾವಣೆ ಮಾಡಿ ಮುಗಿಸಿದ್ದ. ಎಷ್ಟು ಹೊತ್ತಿಗೆ? ಯಾವ ದಿಕ್ಕಿಗೆ? ಒಂದೂ ಕೇಳಲಿಲ್ಲ.

ಅಪ್ಪಾ, ಸ್ಟಾರ್‌ಲಿಂಕ್ ನನಗೂ ಗೊತ್ತು. 2019ರ ಮೇ ತಿಂಗಳಲ್ಲಿ ಇಂಟರ್ನೆಟ್ ಕೊಡುವ ಆ ಮೊದಲ ಅರವತ್ತು ಉಪಗ್ರಹಗಳನ್ನು ಒಟ್ಟಿಗೆ ಹಾರಿಸಿದಾಗಿನಿಂದ ಜಗತ್ತಿನ ಎಷ್ಟೋ ಊರುಗಳು ಆ ಮಣಿಸರ ನೋಡಿ ಬೆಚ್ಚಿಬಿದ್ದಿವೆ. ಆದರೆ ಉಪಗ್ರಹಕ್ಕೆ ಸ್ವಂತ ದೀಪವಿಲ್ಲ, ಬಿಸಿಲು ಬಿದ್ದರೆ ಮಾತ್ರ ಹೊಳೆಯುತ್ತದೆ. ಐನೂರೈವತ್ತು ಕಿಲೋಮೀಟರ್ ಎತ್ತರದಲ್ಲಿರುವುದಕ್ಕೆ ನಮ್ಮಲ್ಲಿ ಹೊತ್ತು ಮುಳುಗಿದ ಎರಡು ತಾಸಿನವರೆಗೆ ಬಿಸಿಲು ಸಿಕ್ಕೀತು, ಮತ್ತೆ ಸಿಗುವುದು ನಸುಕಿಗೆ. ನಡುರಾತ್ರಿ ಅದು ಭೂಮಿಯ ನೆರಳಿನಲ್ಲಿರುತ್ತದೆ, ನಾನು ನನ್ನ ಹೊರಸಿನ ಮೇಲಿದ್ದ ಹಾಗೆ. ಹೊತ್ತೆಷ್ಟು ಎಂದು ಒಂದು ಮಾತು ಕೇಳಿದ್ದರೆ ಹುಡುಗನ ಸ್ಟಾರ್‌ಲಿಂಕ್ ಅಲ್ಲಿಯೇ ಆರುತ್ತಿತ್ತು.

ಕೆರೆಯ ದಂಡೆಯ ಪಂಡಿತರು ಇವನಿಗಿಂತ ಮೇಲು ಎಂದುಕೊಂಡಿದ್ದೆ. ಒಬ್ಬರು ನನ್ನ ಮಾತು ಅರ್ಧವಿರುವಾಗಲೇ “ಬೀದರಿನ ವಿಮಾನ” ಎಂದರು. ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ಸೂರ್ಯಕಿರಣ ತಂಡದ ಮನೆಯೂ ಅದೇ, ಎಲ್ಲ ಸರಿ. ಬೀದರ್ ಇರುವುದು ಈಶಾನ್ಯಕ್ಕೆ, ಬೆಳಕು ಸಾಗಿದ್ದೂ ಆ ಕಡೆಗೇ, ಅದನ್ನೂ ಒಪ್ಪುತ್ತೇನೆ. ಆದರೆ ವಿಮಾನವಾದರೆ ಮಿಟುಕುವ ದೀಪವಾದರೂ ಇರಬೇಡವೇ? ಇನ್ನೊಬ್ಬರು ಡ್ರೋನ್ ಎಂದರು. ಮತ್ತೊಬ್ಬರು ಸುಸಲಾ ಮಿರ್ಚಿ ತಿನ್ನುತ್ತ ಇದು ಗಡಿಕೇಶ್ವಾರ ಎಂಬ ಹಳ್ಳಿಯಲ್ಲಿ ಕೇಳಿಬರುವ ನೆಲದೊಳಗಿನ ಸದ್ದಿಗೆ ಸಂಬಂಧಿಸಿದ್ದು ಎಂದು ಸಾರಿ, ಎರಡನೆಯ ಮಿರ್ಚಿಗೆ ಕೈ ಹಾಕಿದರು. ಅನ್ಯಗ್ರಹದವರ ಪಕ್ಷವೂ ಇತ್ತು. ಚಹಾ ಮುಗಿಯುವುದರೊಳಗೆ ನಾಲ್ಕು ಉತ್ತರಗಳು, ಪ್ರಶ್ನೆ ಸೊನ್ನೆ. ಹೊಲದ ಪತ್ರಕ್ಕೆ ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ ಎಂದು ಚಕ್ಕುಬಂದಿ ಬರೆಯದಿದ್ದರೆ ಇದೇ ಜನ ನನ್ನ ಮೇಜಿನ ಮೇಲೆ ಗುದ್ದಿ ಕೂಗಾಡುತ್ತಿದ್ದರು. ಬೆಳಕಿಗೆ ಮಾತ್ರ ಚಕ್ಕುಬಂದಿ ಬೇಡವಂತೆ.

ಇವರಿಗಿಂತ ನಮ್ಮ ಆಯಿ, ಅಂದರೆ ಅಜ್ಜಿ, ವಾಸಿ. ಓದು ಬಾರದ ಹೆಂಗಸು. ಚಿಕ್ಕಂದಿನಲ್ಲಿ ಹೊಲದಾಚೆ ಬೆಳಕು ಕಂಡು ನಾನು ಓಡಿ ಬಂದರೆ ಅವಳ ಉತ್ತರ ಒಂದೇ: ಕೊಳ್ಳಿದೆವ್ವ. ಆದರೆ ಆ ಉತ್ತರ ಹೇಳುವ ಮುನ್ನ ಅವಳು ಕೂಡಿಸಿಕೊಂಡು ವಿಚಾರಣೆ ಮಾಡುತ್ತಿದ್ದಳು. ಹಳ್ಳದ ಈಚೆಯೋ ಆಚೆಯೋ? ಹುಣಸೆಮರಕ್ಕಿಂತ ಮೇಲೋ ಕೆಳಗೋ? ಹಾರಿತೋ, ನಡೆಯಿತೋ? ಒಂದೋ, ಎರಡೋ? ಒಮ್ಮೆ ಎಲ್ಲ ಕೇಳಿ, “ಅದು ದೆವ್ವವಲ್ಲ, ರಾತ್ರಿ ನೀರು ಹಾಯಿಸುವವರ ಕಂದೀಲು” ಎಂದು ತೀರ್ಮಾನಿಸಿ ರೊಟ್ಟಿ ಬಡಿಯಲು ಎದ್ದುಹೋದಳು. ದೆವ್ವದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು.

ಕಂದೀಲೆಂದಾಗ ನೆನಪಾಯಿತು. ಒಂದು ಉತ್ತರಕ್ಕೆ ಮಾತ್ರ ನಾನು ಮರ್ಯಾದೆ ಕೊಡುತ್ತೇನೆ, ಅದನ್ನು ಹೇಳಿದವಳು ನನ್ನ ಹೆಂಡತಿ. ಮದುವೆಗಳ ಕಾಲ, ಕಾಗದದ ಹಾರುವ ದೀಪ ಬಿಟ್ಟಿರಬಹುದು ಎಂದಳು. ಬಣ್ಣ ಹೊಂದುತ್ತದೆ, ಸದ್ದಿಲ್ಲದ್ದೂ ಹೊಂದುತ್ತದೆ, ಹಿಂದುಮುಂದಾಗಿ ಆರಿದ್ದೂ ಹೊಂದುತ್ತದೆ. ಆದರೆ ಆ ದೀಪ ಹೋಗುವುದು ಗಾಳಿ ಒಯ್ದ ಕಡೆ, ಆ ಹೊತ್ತಿನಲ್ಲಿ ನಮ್ಮ ತಂತಿಯ ಮೇಲಿನ ಟವೆಲ್ಲು ಸತ್ತ ಹಾವಿನಂತೆ ಜೋತುಬಿದ್ದಿತ್ತು. ಮೇಲೆ ಬೇರೆ ಗಾಳಿ ಇದ್ದಿರಬಹುದು, ಒಪ್ಪುತ್ತೇನೆ. ನಡುರಾತ್ರಿ ದಾಟಿದ ಮೇಲೆ ದೀಪ ಬಿಡುವ ಬೀಗರು ಯಾರು ಎಂದು ಕೇಳಿದೆ. “ಕುಡಿದವರು” ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೂ ಕಂದೀಲು ಎಂದು ಷರಾ ಬರೆಯಲು ಕೈ ಬರುತ್ತಿಲ್ಲ.

“ಏನಾದರೇನು ಬಿಡಿ, ನಲ್ಲಿಯಲ್ಲಿ ನೀರು ಬಾರದ ಊರಿನಲ್ಲಿ ನಿಮಗೆ ಆಕಾಶದ ಚಿಂತೆ” ಎಂದ ಮಹನೀಯರೂ ಇದ್ದಾರೆ. ನಲ್ಲಿಯ ಚಿಂತೆ ಮಾಡುವವರು ಇವರೇ ಆಗಿದ್ದರೆ ಇಷ್ಟರಲ್ಲಿ ನೀರು ಬರಬೇಕಿತ್ತು.

ಇಷ್ಟು ಕೂಗಾಡಲು ನನಗೇನು ಹಕ್ಕು ಎಂಬುದನ್ನೂ ಹೇಳಿಬಿಡುತ್ತೇನೆ. 1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕಕ್ಕೆ ಸ್ವಲ್ಪ ಮೊದಲು. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಮಲಗಿದ್ದೆ. ಹಲಗೆಯ ಮೇಲಿನ ಹಿತ್ತಾಳೆ ಚರಿಗೆಗಳು ಒಂದಕ್ಕೊಂದು ತಾಗಿ ಝಣಝಣ ಎಂದವು. ಅವ್ವ ಎದ್ದು ಕುಳಿತು “ಏನದು?” ಎಂದಳು. ನಾನು ಕಣ್ಣು ತೆರೆಯದೆ “ಲಾರಿ ಹೋಯಿತು, ಮಲಗು” ಎಂದೆ. ನಮ್ಮ ಓಣಿಯಲ್ಲಿ ಲಾರಿ ಹಿಡಿಸುವುದಿಲ್ಲ. ನೂರು ಕಿಲೋಮೀಟರಿನೊಳಗೆ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪಕ್ಕೆ ನೆಲಸಮವಾಗಿತ್ತು, ಆ ಸೀಮೆಯಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಕಲ್ಲುಮಣ್ಣಿನಡಿ ಸತ್ತಿದ್ದರು. ನಾನು ಎದ್ದಿದ್ದರೂ ಅವರಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ, ಅದು ಬೇರೆ ಮಾತು. ಅವ್ವ ಮಾತ್ರ ಬದುಕಿರುವವರೆಗೂ, ನಾನು ಯಾವುದನ್ನಾದರೂ ಖಚಿತವಾಗಿ ಹೇಳಿದ ಕೂಡಲೇ, “ಲಾರಿಯೇನಪ್ಪ?” ಎಂದು ಕೇಳುತ್ತಿದ್ದಳು.

ಹಾಗೆಂದು ಆಕಾಶದ್ದೆಲ್ಲ ಬಗೆಹರಿಯದ ಒಗಟೇನಲ್ಲ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಮೇಲೆ ಉರಿಯುತ್ತ ಸಾಗಿದ್ದು ಚೀನಾದ ರಾಕೆಟ್ಟಿನ ತುಂಡು ಎಂಬ ನಿರ್ಣಯಕ್ಕೆ ಬಂದದ್ದು ಹೇಗೆ? ಜನ ಎಲ್ಲಿಂದ, ಯಾವ ಹೊತ್ತಿಗೆ ಕಂಡರೆಂಬುದು ಆ ತುಂಡು ಬೀಳಬೇಕಿದ್ದ ದಾರಿಗೂ ಹೊತ್ತಿಗೂ ತಾಳೆಯಾಯಿತು. ಚಂದ್ರಾಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆಯೇ ಬಿದ್ದಿತ್ತು. ನನ್ನ ಬೆಳಕು ಏನನ್ನೂ ಬೀಳಿಸಿಲ್ಲ, ಅದಕ್ಕೆ ನಾನೇನು ಮಾಡಲಿ?

ಲ್ಯಾಂಬ್ಟನ್ ಸಾಹೇಬರು 1802ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ ತ್ರಿಕೋನ ಸರ್ವೇ ಮುಂದೆ ಬೀದರ್ ಸೀಮೆಯನ್ನೂ ಹಾದುಹೋಯಿತು. ಹಗಲಿನ ಧೂಳು, ಬಿಸಿಗಾಳಿಯಲ್ಲಿ ದೂರದ ಗುರುತು ಕಾಣದೆ ಆ ಸರ್ವೇಯವರು ರಾತ್ರಿ ಗುಡ್ಡಗಳ ಮೇಲೆ ದೀಪ ಹಚ್ಚಿಸಿ ಕೋನ ಅಳೆದದ್ದುಂಟು. ಆಗ ಕೆಳಗಿನ ಹಳ್ಳಿಗಳಲ್ಲಿ ಏನೇನು ಮಾತಾಡಿಕೊಂಡರೋ! ಲೆಕ್ಕ ಮಾತ್ರ ಸರಳ: ಒಂದು ಊರಿನಿಂದ ಒಂದು ಗೆರೆ, ಇನ್ನೊಂದು ಊರಿನಿಂದ ಇನ್ನೊಂದು ಗೆರೆ. ಎರಡೂ ಎಲ್ಲಿ ಕೂಡುತ್ತವೆಯೋ ವಸ್ತು ಅಲ್ಲಿದೆ. ನನ್ನ ಗೆರೆ ಎಳೆದಾಗಿದೆ. ಕಾಗದದ ಮೇಲೆ ಅದು ಮಾಳಿಗೆಯಿಂದ ಹೊರಟು ಚಿಂಚೋಳಿಯ ಕಡೆ ಒಂಟಿಯಾಗಿ ಹೋಗುತ್ತಿದೆ.

ಆದ್ದರಿಂದ ಚಿಂಚೋಳಿ, ಕಾಳಗಿ, ಸೇಡಂ, ಚಿತ್ತಾಪುರದ ಗೆಳೆಯರೇ, ಶುಕ್ರವಾರ ನಡುರಾತ್ರಿ ದಾಟಿದ ಮೇಲೆ 12:35ರಿಂದ 12:50ರ ನಡುವೆ ಹೊರಗೆ ಮಲಗಿದ್ದವರು, ಎಮ್ಮೆ ಕರುವಿಗೆ ಎದ್ದವರು, ಮದುವೆ ಮುಗಿಸಿ ಬೈಕಿನಲ್ಲಿ ಬರುತ್ತಿದ್ದವರು ಯಾರಾದರೂ ಇದ್ದರೆ ಇಷ್ಟು ಬರೆಯಿರಿ: ಎಲ್ಲಿ ನಿಂತಿದ್ದಿರಿ, ಮುಖ ಯಾವ ದಿಕ್ಕಿಗಿತ್ತು, ಎಷ್ಟು ಮುಷ್ಟಿ ಎತ್ತರ. ಅದು ಏನೆಂದು ದಯವಿಟ್ಟು ಬರೆಯಬೇಡಿ. ಕುಡಿದು ದೀಪ ಬಿಟ್ಟವರು ನೀವೇ ಆಗಿದ್ದರೆ ಅದನ್ನೂ ತಿಳಿಸಿ. ಮನೆಯಲ್ಲಿ ನಾನು ಸೋತೆನೆಂದು ಒಪ್ಪಿಕೊಳ್ಳಬೇಕಾಗುತ್ತದೆ.