ಲೇಕಾಕ್‌ನಲ್ಲಿ ಚಿಲ್ಲರೆ ಪ್ರಸಂಗ

ಲೇಕಾಕ್ ಎಂಬ ಊರಿನಲ್ಲಿ ವಿದ್ಯುತ್ ತಂತಿ ಕಾಣುವುದಿಲ್ಲ, ಟಿವಿ ಆಂಟೆನಾ ಕಾಣುವುದಿಲ್ಲ. ಮಧ್ಯಾಹ್ನ ಎರಡೂವರೆ ದಾಟಿತೆಂದರೆ ಊಟವೂ ಕಾಣುವುದಿಲ್ಲ. ಮೊದಲ ಎರಡನ್ನು ಬೇಕೆಂದೇ ಮರೆಮಾಡಿದ್ದಾರೆ. ಮೂರನೆಯದು ನಮ್ಮ ಹಣೆಬರಹ.

ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ, ಚಿಪ್ಪನ್‌ಹ್ಯಾಮ್ ಪಟ್ಟಣಕ್ಕೆ ಸುಮಾರು ಐದು ಕಿಲೋಮೀಟರ್ ದೂರದಲ್ಲಿರುವ ಈ ಹಳ್ಳಿಯನ್ನು ಅದರ ಒಡತಿ ಮಟಿಲ್ಡಾ ಟಾಲ್ಬಟ್ 1944ರಲ್ಲಿ, ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಬರೆದುಕೊಟ್ಟರು. ಒಂದೆರಡು ಮನೆಯಲ್ಲ, ಹೆಚ್ಚುಕಡಿಮೆ ಇಡೀ ಊರು, ಜೊತೆಗೆ 1232ರಲ್ಲಿ ಕೌಂಟೆಸ್ ಎಲಾ ಕಟ್ಟಿಸಿದ್ದ ಸನ್ಯಾಸಿನಿಯರ ಮಠ. ಟ್ರಸ್ಟಿನವರು ಬೀದಿಗಳನ್ನು ಹಳೆಯ ಕಾಲದಲ್ಲೇ ನಿಲ್ಲಿಸಿಬಿಟ್ಟಿದ್ದಾರೆ. ಸಿನಿಮಾದವರು ಬಂದು, ನಿಂತಿರುವ ಕಾರುಗಳನ್ನು ತೆಗೆಸಿದರೆ ಸಾಕು, ಇನ್ನೂರು ವರ್ಷ ಹಿಂದಕ್ಕೆ ಹೋಗಬಹುದು.

ಬ್ರಿಸ್ಟಲ್‌ನಲ್ಲಿರುವ ಮಗಳು ನನ್ನನ್ನೂ ನನ್ನ ಹೆಂಡತಿಯನ್ನೂ ತನ್ನ ಮಾವನವರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿದ್ದಳು. ಬೀಗರು ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಹದಿನಾಲ್ಕನೆಯ ಶತಮಾನದ ದೊಡ್ಡ ಕಣಜದ ಮುಂದೆ, ರೈತರು ಮಠಕ್ಕೆ ಕೊಡಬೇಕಾದುದನ್ನು ದವಸ, ಚರ್ಮ, ಉಣ್ಣೆಯ ರೂಪದಲ್ಲಿ ಇಲ್ಲಿ ತಂದು ಸುರಿಯುತ್ತಿದ್ದರೆಂದು ಕೇಳಿ ಅವರ ಕಣ್ಣು ಅರಳಿತು. “ಬಾಕಿ ಉಳಿಸಿಕೊಂಡವರನ್ನು ಏನು ಮಾಡುತ್ತಿದ್ದರು?” ಎಂದು ಮಗಳನ್ನು ಕೇಳಿದರು. ಅವಳು ಸಾಫ್ಟ್‌ವೇರ್‌ನವಳು, ಪಾಪ.

ಊರೆಲ್ಲ ಟ್ರಸ್ಟಿನದು ಎಂಬ ಮಾತನ್ನು ಬೀಗರು ಮನಸ್ಸಿಗೆ ತೆಗೆದುಕೊಂಡಿದ್ದರು. ಮಠಕ್ಕೆ ಟಿಕೆಟ್ ಕೊಂಡಿದ್ದೇವೆ, ಮನೆಗಳೂ ಟ್ರಸ್ಟಿನವು, ಅಂದಮೇಲೆ ಮನೆಗಳೂ ಟಿಕೆಟ್ಟಿನಲ್ಲಿ ಸೇರಿವೆ: ಇದು ಅವರ ತರ್ಕ. ಬಾಡಿಗೆಗೆ ಜನ ವಾಸವಾಗಿದ್ದಾರೆ ಎಂದು ನಾವು ಹೇಳುವಷ್ಟರಲ್ಲಿ, ಗಿಡ್ಡ ಬಾಗಿಲೊಂದನ್ನು ತಳ್ಳಿ, ಹಣೆಯನ್ನು ತೊಲೆಗೆ ಅರ್ಪಿಸಿ, ಒಳಗೆ ಹೋಗಿಯೇಬಿಟ್ಟಿದ್ದರು. ಒಳಗೊಬ್ಬ ಅಜ್ಜಿ ಟಿವಿ ನೋಡುತ್ತಾ ಚಹಾ ಕುಡಿಯುತ್ತಿದ್ದರು. ಬೀಗರು ಕೈಮುಗಿದು, ಬಹಳ ಚೆನ್ನಾಗಿ ಇಟ್ಟಿದ್ದೀರಿ ಎಂದು ಇಂಗ್ಲಿಷಿನಲ್ಲಿ ಮೆಚ್ಚಿದರು. ಅಜ್ಜಿ ಥ್ಯಾಂಕ್ಸ್ ಎಂದರು. ಮಗಳು ಕ್ಷಮೆ ಕೇಳುತ್ತಾ ಮಾವನವರನ್ನು ಹೊರಗೆ ಕರೆತಂದಾಗ ಅವರು ಹಣೆ ಉಜ್ಜಿಕೊಳ್ಳುತ್ತಾ ನನಗೆ ಹೇಳಿದ್ದು: “ಬೀಗರೇ, ಮನುಷ್ಯರನ್ನೂ ಎಷ್ಟು ಸಹಜವಾಗಿ ಕೂರಿಸಿದ್ದಾರೆ ನೋಡಿ!” ಬೀಗರಲ್ಲದೆ ಬೇರೆ ಯಾರಾದರೂ ಆಗಿದ್ದರೆ ನಾನು ಗದರುತ್ತಿದ್ದೆ.

ಮಠದಲ್ಲಿ ಒಂದು ಕಿಟಕಿ ಇದೆ. 1835ರ ಆಗಸ್ಟ್‌ನಲ್ಲಿ ಆಗಿನ ಒಡೆಯರೂ ಫೋಟೋಗ್ರಫಿಯ ಮೊದಲಿಗರಲ್ಲಿ ಒಬ್ಬರೂ ಆದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಅದರ ಚಿತ್ರ ತೆಗೆದರು. ಅಂಚೆಚೀಟಿಯಷ್ಟು ಗಾತ್ರದ ಆ ಕಾಗದವೇ ಇಂದು ಉಳಿದಿರುವ ಅತಿ ಹಳೆಯ ಫೋಟೋ ನೆಗೆಟಿವ್. ಇಂಥ ಪುಣ್ಯಸ್ಥಳದಲ್ಲಿ ಹೆಂಡತಿಯನ್ನು ನಿಲ್ಲಿಸಿ ಮೊಬೈಲ್ ಎತ್ತಿದೆ. ಜಾಗ ಖಾಲಿ ಇಲ್ಲ ಎಂದಿತು. ನಮ್ಮ ಬಡಾವಣೆಯ ಗುಂಪಿನವರು ಕಳುಹಿಸಿದ ಶುಭೋದಯಗಳೇ ಅದರ ಹೊಟ್ಟೆ ತುಂಬಿದ್ದವು. ಒಂದೊಂದೇ ಸೂರ್ಯೋದಯವನ್ನು ಅಳಿಸುತ್ತಾ ನಿಂತೆ. “ರೀ, ಆ ಟಾಲ್ಬಟ್ ಕೂಡ ಇಷ್ಟು ಹೊತ್ತು ತೆಗೆದುಕೊಂಡಿರಲಿಕ್ಕಿಲ್ಲ” ಎಂದಳು. ಹಿಂದೆ ನಿಂತ ಸಾಲಿನಲ್ಲಿ ಯಾರಿಗೂ ಕನ್ನಡ ಬರದಿದ್ದರೂ ಕೆಲವರು ತಲೆಯಾಡಿಸಿದರು.

ಹೊರಗೆ ಬರುವಾಗ ಗಂಟೆ ಮೂರು. ಹೊಕ್ಕ ಮೊದಲ ಹೋಟೆಲಿನಲ್ಲಿ ಅಡುಗೆಮನೆ ಮುಚ್ಚಿದೆ, ಇನ್ನು ಸಂಜೆಯೇ ಎಂದರು. ಈ ಊರಿನ ಜಾರ್ಜ್ ಇನ್ ಎಂಬ ಹಳೆಯ ಛತ್ರದಲ್ಲಿ ಒಲೆಯ ಪಕ್ಕ ಒಂದು ಚಕ್ರವಿದೆ. ಹಿಂದೆ ಅದರೊಳಗೆ ನಾಯಿಯನ್ನು ಓಡಿಸಿ ಬೆಂಕಿಯ ಮೇಲಿನ ಮಾಂಸವನ್ನು ತಿರುಗಿಸುತ್ತಿದ್ದರು. ಆ ನಾಯಿ ನಮ್ಮ ಸಸ್ಯಾಹಾರಿ ತಂಡಕ್ಕೆ ಒದಗುತ್ತಿರಲಿಲ್ಲ, ನಿಜ. ಆದರೂ ಅದು ಎರಡೂವರೆಗೆ ಅಂಗಡಿ ಮುಚ್ಚುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಹೆಂಡತಿಯ ಚೀಲದ ಚಕ್ಕುಲಿ ಕಾಪಾಡಿತು.

ಬಸ್ಸಿಗೆ ನಡೆಯುವಾಗ ಒಂದು ಮನೆಯ ಮುಂದೆ ಮೇಜು, ಮೇಜಿನ ಮೇಲೆ ಜಾಮ್ ಬಾಟಲಿ, ಪಕ್ಕದಲ್ಲಿ ದುಡ್ಡು ಹಾಕಲು ಡಬ್ಬಿ. ಕಾಯುವವರಿಲ್ಲ. ಶೌಚಾಲಯ ಬಿಟ್ಟು ಮಿಕ್ಕೆಲ್ಲೆಡೆ ಕಾರ್ಡು ಉಜ್ಜಿ ಬಂದ ನಮ್ಮ ಹತ್ತಿರ ಒಂದು ಪೆನ್ಸ್ ಕೂಡ ಇರಲಿಲ್ಲ. ಬೀಗರು ಮೊದಲು ರಸೀದಿ ಎಲ್ಲಿ ಎಂದು ಹುಡುಕಿದರು. ಆಮೇಲೆ ಜೇಬಿನಿಂದ ನಮ್ಮ ಹತ್ತು ರೂಪಾಯಿಯ ನಾಣ್ಯ ತೆಗೆದು, “ಪೌಂಡಿನ ಹಾಗೆ ಇದೂ ಎರಡು ಬಣ್ಣದ್ದೇ ಅಲ್ಲವೇ?” ಎಂದರು. ಹೆಂಡತಿ ಮಾತನಾಡದೆ ಕಣಜದ ಪಕ್ಕದ ಗುಮ್ಮಟದ ಕೋಣೆಯತ್ತ ಕೈ ತೋರಿಸಿದಳು. ಹದಿನೆಂಟನೆಯ ಶತಮಾನದಲ್ಲಿ ಕುಡುಕರನ್ನೂ ಪುಂಡರನ್ನೂ ಕೂಡಿಹಾಕುತ್ತಿದ್ದ ಲಾಕಪ್ಪು ಅದು. ನಾಣ್ಯ ಜೇಬಿಗೆ ಮರಳಿತು.

ಜಾಮ್ ಬಿಟ್ಟು ಬಸ್ ಹತ್ತಿದೆವು. ಬೀಗರ ಮುಖ ಬಾಡಿದ್ದರಿಂದ ಸಮಾಧಾನಕ್ಕೆಂದು ವಿಲಿಯಂ ಷಾರಿಂಗ್ಟನ್‌ನ ಕಥೆ ಹೇಳಿದೆ. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಲೇಕಾಕ್ ಮಠವನ್ನು ಕೊಂಡವನು ಈತ. ಬ್ರಿಸ್ಟಲ್ ಟಂಕಸಾಲೆಯ ಅಧಿಕಾರಿಯಾಗಿ, ನಾಣ್ಯಗಳಲ್ಲಿ ಮೋಸ ಮಾಡಿ ಹಣ ನುಂಗಿ, 1549ರಲ್ಲಿ ಸಿಕ್ಕಿಬಿದ್ದ. ಆದರೂ ಕ್ಷಮೆ ಗಿಟ್ಟಿಸಿ, ಭಾರಿ ಮೊತ್ತ ತೆತ್ತು, ಆಸ್ತಿಯನ್ನೆಲ್ಲ ವಾಪಸು ಪಡೆದ.

ಬೀಗರು ಚಿಪ್ಪನ್‌ಹ್ಯಾಮ್ ಬರುವವರೆಗೂ ಯೋಚಿಸಿ ಕೇಳಿದರು: “ಆ ಮೊತ್ತವನ್ನು ಯಾವ ನಾಣ್ಯದಲ್ಲಿ ಕಟ್ಟಿದನಂತೆ, ಬೀಗರೇ? ಅವನ ಟಂಕಸಾಲೆಯದ್ದರಲ್ಲೋ?”